ಎಡಗಡೆಯ ನಾಲ್ಕು ನಟ್ಟುಗಳು

ಬೋಲ್ಟುಗಳ ಬಿಗಿತವನ್ನು ಅಳೆಯುವುದೇ ಬಸವಕುಮಾರನ ಅನ್ನವಾಗಿತ್ತು. ಬಾಗಲಕೋಟೆಯಲ್ಲಿ ಹುಟ್ಟಿ, ಅಟ್ಲಾಂಟಾದಲ್ಲಿ ಓದಿ, ಕೊನೆಗೆ ಮೇರಿಲ್ಯಾಂಡಿನ ಜರ್ಮನ್‌ಟೌನ್ ಸೇರಿದ ಅವನು ಐ-೨೭೦ ಹೆದ್ದಾರಿಯ ಪಕ್ಕದ ಸರ್ಕಾರಿ ಪ್ರಯೋಗಾಲಯವೊಂದರಲ್ಲಿ ಹನ್ನೊಂದು ವರ್ಷದಿಂದ ಅದೇ ಕೆಲಸದಲ್ಲಿದ್ದ. ಸೇತುವೆಗೋ ಕ್ರೇನಿಗೋ ಹಾಕುವ ಬೋಲ್ಟು ಎಷ್ಟು ಬಿಗಿದರೆ ನಿಲ್ಲುತ್ತದೆ, ಎಲ್ಲಿಗೆ ಸಡಿಲಿದರೆ ಕೈಕೊಡುತ್ತದೆ ಎಂಬುದನ್ನು ಯಂತ್ರಕ್ಕೆ ಕೊಟ್ಟು ನೋಡಿ, ಬರೆದು, ಕೆಳಗೆ ಸಹಿ ಹಾಕುತ್ತಿದ್ದ. ಆ ಸಹಿಯನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಮುಂದೆ ನಡೆದದ್ದನ್ನು ನೆನೆದಾಗಲೆಲ್ಲ ಅವನನ್ನು ಹೆಚ್ಚಾಗಿ ಚುಚ್ಚುತ್ತಿದ್ದುದು ಇದೇ ಸಂಗತಿ.

ಅವನ ಇನ್ನೊಂದು ಬದುಕು ಮನೆಯ ಗ್ಯಾರೇಜಿನಲ್ಲಿತ್ತು. ಅದು ೧೯೭೧ರ ಕಡುನೀಲಿ ನೋವಾ ಕಾರು. ವಾರದ ದಿನಗಳಲ್ಲಿ ಅದರಲ್ಲೇ ಆಫೀಸಿಗೆ ಹೋಗುವನು. ಅದರ ಟ್ರಂಕಿನಲ್ಲೇ ಹೆಂಡತಿ ಪ್ರತಿಭಾ ಅಕ್ಕಿಯ ಚೀಲ ತರುವಳು. ಶನಿವಾರ ಬಂತೆಂದರೆ ಅದೇ ಕಾರು ಫ್ರೆಡರಿಕ್ ಊರಿನಾಚೆಯ ಡ್ರ್ಯಾಗ್ ಸ್ಟ್ರಿಪ್ಪಿನಲ್ಲಿ ನಿಲ್ಲುವುದು. ಅಲ್ಲಿ ಎರಡು ಕಾರುಗಳು ಅಕ್ಕಪಕ್ಕ ನಿಂತು, ಹಸಿರು ದೀಪ ಹತ್ತಿದ ಕೂಡಲೇ ಕಾಲು ಮೈಲಿ ನೆಟ್ಟಗೆ ಓಡುತ್ತವೆ; ಮೊದಲು ಮುಟ್ಟಿದ್ದು ಗೆದ್ದಂತೆ. ಸೆಂಟರ್‌ವಿಲ್‌ನಲ್ಲಿದ್ದ ಗೆಳೆಯ ಡಾಕ್ಟರ್ ತ್ಯಾಗರಾಜ ಕಂಡಾಗಲೆಲ್ಲ ಛೇಡಿಸುತ್ತಿದ್ದ: “ಕಾಲು ಮೈಲಿ ಹೋಗೋಕೆ ಇಷ್ಟೆಲ್ಲ ಯಾಕಯ್ಯ? ವಾಕ್ ಮಾಡ್ಕೊಂಡು ಹೋಗು, ಕೊಲೆಸ್ಟರಾಲ್ ಆದ್ರೂ ಇಳಿಯುತ್ತೆ.”

ತೊಂಬತ್ತೇಳರ ವಸಂತದಲ್ಲಿ ಬಸವಕುಮಾರ ಎಂಜಿನ್ನಿನ ಬಲ ಹೆಚ್ಚಿಸಿದ. ಹಿಂದಿನ ಚಕ್ರಗಳೆರಡನ್ನೂ ಹೊತ್ತ ಆಕ್ಸಲ್ ಅದನ್ನು ತಾಳಲಿಲ್ಲ. ದೀಪ ಹತ್ತಿ ಕಾಲು ಒತ್ತಿದರೆ ಹಿಂದಿನ ಚಕ್ರಗಳು ನೆಲ ಕಚ್ಚುವ ಬದಲು ಕುಪ್ಪಳಿಸುತ್ತಿದ್ದವು. ಒಳಗಿನ ಹಲ್ಲುಚಕ್ರ ನರಳುವ ಸದ್ದು ಸೀಟಿನ ಮೂಲಕ ಬೆನ್ನಿಗೆ ತಾಗುತ್ತಿತ್ತು. ಬೇಸಿಗೆಯಿಡೀ ಹುಡುಕಿ ಗುಜರಿ ಅಂಗಳವೊಂದರಿಂದ ದೊಡ್ಡ ಕಾರಿನ ದಪ್ಪನೆಯ ಆಕ್ಸಲ್ ತಂದ. ಅದು ನೋವಾದ ಮೈಗೆ ತೀರ ಅಗಲ. ಎರಡೂ ತುದಿ ಕತ್ತರಿಸಿ ಕಿರಿದುಮಾಡಬೇಕು. ಸ್ಪ್ರಿಂಗ್ ಪಟ್ಟಿಗಳು ಬಂದು ಕೂರುವ ಉಕ್ಕಿನ ಮಣೆಗಳನ್ನು ಹೊಸ ಜಾಗದಲ್ಲಿ ಬೆಸೆಯಬೇಕು. ಅಂಥ ಕೆಲಸಕ್ಕೆ ಆ ಸೀಮೆಯಲ್ಲೆಲ್ಲ ಜನ ಹೇಳುತ್ತಿದ್ದ ಹೆಸರು ಒಂದೇ: ವಾಲ್ಟರ್ ಹಗಿನ್ಸ್.

ವಾಲ್ಟರ್ ಉತ್ತರ ಕ್ಯಾರೊಲಿನಾದ ಬೆಟ್ಟದ ಕಡೆಯ ಮುದುಕ. ಎಪ್ಪತ್ತಕ್ಕೆ ಒಂದೋ ಎರಡೋ ಕಡಿಮೆ. ನಲವತ್ತು ವರ್ಷದಿಂದ ಫ್ರೆಡರಿಕ್‌ನ ಹೊರವಲಯದಲ್ಲಿ ತಗಡಿನ ಷೆಡ್ಡಿನಲ್ಲಿ ವೆಲ್ಡಿಂಗ್ ಮಾಡಿಕೊಂಡಿದ್ದ. ಮಾತು ಎಳೆದೆಳೆದು ಬರುತ್ತಿತ್ತು, ಕೆಲಸ ಅದಕ್ಕಿಂತ ನಿಧಾನ. ಬಸವಕುಮಾರನ ಆಕ್ಸಲ್ಲಿಗೆ ಅವನು ಮೂರು ವಾರ ತೆಗೆದುಕೊಂಡ. ಕಾರು ಜಿಗಿಯುವಾಗ ಆಕ್ಸಲ್ಲಿನ ಮೂತಿ ಮೇಲೇಳುತ್ತದೆಂದು ಮಣೆಗಳನ್ನು ಎಷ್ಟು ಓರೆಯಾಗಿ ಕೂರಿಸಬೇಕೆಂಬುದನ್ನು ನಾಲ್ಕು ಸಲ ಅಳೆದ. ಒಪ್ಪಿಸುವಾಗ ಹೇಳಿದ: “ಕುಮಾರ್, ನನ್ನ ಕೆಲಸ ಇಲ್ಲಿಗೆ ಮುಗಿಯಿತು. ಇನ್ನು ಯು-ಬೋಲ್ಟುಗಳದು ನಿನ್ನ ಕೆಲಸ. ಅವು ಸಡಿಲವಿದ್ದರೆ ಯಾವ ವೆಲ್ಡಿಂಗೂ ನಿಲ್ಲುವುದಿಲ್ಲ. ಆದರೆ ನಿನಗೆ ನಾನು ಹೇಳುವುದೇ? ಅದೇ ನಿನ್ನ ನೌಕರಿಯಲ್ಲವೆ?”

“ಅದೇ ನನ್ನ ನೌಕರಿ, ಮಿಸ್ಟರ್ ಹಗಿನ್ಸ್,” ಎಂದು ಬಸವಕುಮಾರ ನಕ್ಕಿದ್ದ.

ಆಕ್ಸಲ್ಲನ್ನು ಸ್ಪ್ರಿಂಗಿಗೆ ಕಟ್ಟಿ ಹಿಡಿಯುವವು ಆ ಯು-ಬೋಲ್ಟುಗಳು: ಒಂದೊಂದು ಬದಿಗೆ ಎರಡು, ಒಂದೊಂದಕ್ಕೆ ಎರಡು ನಟ್ಟು. ಬಲಕ್ಕೆ ನಾಲ್ಕು, ಎಡಕ್ಕೆ ನಾಲ್ಕು. ಬಸವಕುಮಾರ ಎಂಟನ್ನೂ ಗುರುವಾರವೇ ಸಾದಾ ಪಾನಾದಿಂದ ತಿರುಗಿಸಿ ಕೂರಿಸಿದ್ದ. ಶುಕ್ರವಾರ ಸಂಜೆ ಆಫೀಸಿನಿಂದ ಬಂದವನೇ, ಅಳತೆ ತೋರಿಸುವ ಟಾರ್ಕ್ ರೆಂಚ್ ಹಿಡಿದು ಕೊನೆಯ ಬಿಗಿತಕ್ಕೆ ಕುಳಿತ. ಲ್ಯಾಬಿನ ಅಭ್ಯಾಸದಂತೆ, ರೆಂಚು ಟಕ್ಕೆಂದು ಸದ್ದು ಕೊಟ್ಟ ಮೇಲೆ ಆ ನಟ್ಟಿನ ನೆತ್ತಿಗೆ ಕೆಂಪು ಪೇಂಟಿನ ಒಂದು ಚುಕ್ಕಿ ಇಡುವುದು ಅವನ ಪದ್ಧತಿ. ಚುಕ್ಕಿ ಬಿದ್ದ ನಟ್ಟಿನ ಯೋಚನೆಯನ್ನು ಮತ್ತೆ ಮಾಡಬೇಕಾಗಿಲ್ಲ. ಬಲಗಡೆಯ ನಾಲ್ಕಕ್ಕೂ ಚುಕ್ಕಿ ಬಿತ್ತು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿನಿಂದ ತಾಯಿ ಬಸವ್ವ ಕರೆದಳು. ಮಗನ ಮನೆಗೆ ಆರು ತಿಂಗಳಿಗೆಂದು ಬಂದಿದ್ದಳು. ಅಂದು ಆಯುಧಪೂಜೆ.

“ಕುಮಾರಾ, ಕೈ ತೊಳಕೊಂಡು ಬಾ. ಪೂಜಾಕ್ಕ ಹೊತ್ತಾತು.”

“ಇನ್ನ ನಾಕು ನಟ್ಟು ಅದಾವ ಬೇ. ಹತ್ತು ನಿಮಿಷ.”

“ನಾಳೆತನಕ ಅವೇನು ಎದ್ದು ಓಡಿ ಹೋಗತಾವೇನು? ವರ್ಷಕ್ಕೊಮ್ಮೆ ಪಾನಾಕ್ಕ ಸುಸ್ತು ಆರಸಿಕೊಳ್ಳಾಕ ಬಿಡೋ ದಿನ ಇದು. ಕೊಡು ಇಲ್ಲೆ.”

ಅವಳು ರೆಂಚನ್ನು ಕೈಯಿಂದಲೇ ತೆಗೆದುಕೊಂಡಳು. ಪಾನಾ, ಸುತ್ತಿಗೆ, ಡ್ರಿಲ್ಲು, ಪ್ರತಿಭಾಳ ಹೊಲಿಗೆ ಯಂತ್ರ, ಎಲ್ಲವನ್ನೂ ಒರೆಸಿ, ವಿಭೂತಿ ಕುಂಕುಮ ಹಚ್ಚಿ, ದೇವರ ಮುಂದೆ ಸಾಲಾಗಿ ಇಟ್ಟಳು. ಮರುದಿನ ತಾನು ಆರತಿ ಮಾಡಿ ಹೂವು ತೆಗೆಯುವವರೆಗೆ ಯಾರೂ ಮುಟ್ಟಕೂಡದೆಂದಳು. ಆಮೇಲೆ ಕಲಸಿದ ಕುಂಕುಮದ ಬಟ್ಟಲು ಹಿಡಿದು ಕಾರಿಗೂ ಹಚ್ಚಲು ಗ್ಯಾರೇಜಿಗೆ ಹೋದಳು. ಅಲ್ಲಿ ಅವಳು ಏನು ಮಾಡಿದಳೆಂದು ಯಾರೂ ಹಿಂದೆ ಹೋಗಿ ನೋಡಲಿಲ್ಲ.

ಶನಿವಾರ ವಿಜಯದಶಮಿ, ಸ್ಟ್ರಿಪ್ಪಿನಲ್ಲಿ ಆ ಋತುವಿನ ಕೊನೆಯ ದೊಡ್ಡ ಪಂದ್ಯ. ಬಸವಕುಮಾರ ಎದ್ದದ್ದೇ ತಡವಾಗಿತ್ತು. ಗ್ಯಾರೇಜಿಗೆ ಬಂದು, ಚಕ್ರ ಹಾಕುವ ಮುನ್ನ ಎಡಗಡೆ ಬಗ್ಗಿ ನೋಡಿದರೆ ನಾಲ್ಕು ನಟ್ಟುಗಳ ಮೇಲೂ ಕೆಂಪು ಚುಕ್ಕಿ. ಒಂದು ಗಳಿಗೆ ಅವನಿಗೆ ಹಾಯೆನಿಸಿತು. ಬಿಗಿದೇ ಬಿಟ್ಟಿದ್ದೆನೇ? ಕೈ ಚಾಚಿ ಹೆಬ್ಬೆರಳಿಂದ ಒಂದನ್ನು ಉಜ್ಜಿದ. ಚುಕ್ಕಿ ಬೆರಳಿಗೆ ಬಂತು. ಪೇಂಟು ಬೆರಳಿಗೆ ಬರುವುದಿಲ್ಲ. ಬಲಗಡೆಯ ಚುಕ್ಕಿಗಳನ್ನು ಕಂಡು, ಎಡಗಡೆ ಬೋಳಾಗಿರಬಾರದೆಂದು ಅವ್ವ ಇಟ್ಟದ್ದೆಂದು ಅವನಿಗೆ ಅಲ್ಲೇ, ಆ ಕ್ಷಣದಲ್ಲೇ ತಿಳಿಯಿತು.

ಟಾರ್ಕ್ ರೆಂಚು ದೇವರ ಮುಂದೆ, ಹೂವಿನ ಕೆಳಗಿತ್ತು. ಬಸವ್ವ ಸ್ನಾನಕ್ಕೆ ಹೋಗಿದ್ದಳು. ಬಂದು ಆರತಿ ಮುಗಿಸಲು ಅರ್ಧ ಗಂಟೆ. ಹತ್ತಕ್ಕೆ ಸ್ಟ್ರಿಪ್ಪಿನ ಗೇಟು ಮುಚ್ಚುತ್ತದೆ. ಸಾದಾ ಪಾನಾದಿಂದ ಕೂರಿಸಿದ್ದೇನಲ್ಲ, ಒಂದು ದಿನಕ್ಕೆ ಅಷ್ಟು ಸಾಕು ಎಂದುಕೊಂಡ. ಪ್ರಯೋಗಾಲಯದಲ್ಲಿ ಬೇರೆ ಯಾರಾದರೂ ಹಾಗೆಂದಿದ್ದರೆ ಅವನು ಆ ಕಾಗದಕ್ಕೆ ಸಹಿ ಹಾಕುತ್ತಿರಲಿಲ್ಲ. ಹೆಬ್ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. ಟ್ರಂಕಿನಲ್ಲಿದ್ದ ರೆಂಚಿನಿಂದ ಚಕ್ರ ಹಾಕಿ ಹೊರಟ.

ಮೊದಲ ಓಟ ಅವನ ಜೀವನದಲ್ಲೇ ಉತ್ತಮವಾದದ್ದು. ಚಕ್ರಗಳು ಕುಪ್ಪಳಿಸಲಿಲ್ಲ, ಕಾರು ಹಿಂಗಾಲೂರಿ ಜಿಗಿದು ಬಾಣದ ಹಾಗೆ ಹೋಯಿತು. ಎರಡನೆಯ ಓಟದಲ್ಲಿ ಹಸಿರು ದೀಪ ಹತ್ತಿ, ಕಾಲು ಒತ್ತಿ, ಇನ್ನೂ ನೂರು ಅಡಿ ಹೋಗಿಲ್ಲ, ಎಡಹಿಂಬದಿಯಲ್ಲಿ ಏನೋ ಕಳಚಿಕೊಂಡಿತು. ಆಕ್ಸಲ್ಲು ಓರೆಯಾಗಿ, ಟೈರು ಮೈಗೆ ಉಜ್ಜಿ, ಕಾರು ಪಕ್ಕದ ಸಾಲಿಗೆ ನುಗ್ಗಿತು. ಆ ಸಾಲಿನವನು ಬ್ರೇಕು ಒತ್ತದಿದ್ದರೆ ಇಬ್ಬರೂ ಹೋಗುತ್ತಿದ್ದರು. ನೋವಾ ಸುತ್ತಿ ತಿರುಗಿ ಗೋಡೆಗೆ ಒರಗಿ ನಿಂತಿತು. ಬಸವಕುಮಾರನಿಗೆ ಭುಜ ಉಳುಕಿದ್ದು ಬಿಟ್ಟರೆ ಏನೂ ಆಗಲಿಲ್ಲ.

ಜನ ಓಡಿ ಬರುವ ಮುನ್ನ ಅವನು ಕಾರಿನ ಹೊಟ್ಟೆಯ ಕೆಳಗೆ ತೂರಿ ನೋಡಿದ. ಎಡಗಡೆಯ ಎರಡು ನಟ್ಟು ಎಲ್ಲೋ ಉದುರಿದ್ದವು. ಉಳಿದೆರಡು ಬೋಲ್ಟಿನ ತುದಿಗೆ ಬಂದು ತೂಗುತ್ತಿದ್ದವು. ಆಸರೆ ತಪ್ಪಿದ ಮಣೆ ಒದ್ದಾಡಿ ಬೆಸುಗೆಯ ಸಮೇತ ಹರಿದಿತ್ತು. ಆ ಎರಡು ನಟ್ಟನ್ನು ಬೆರಳಿಂದಲೇ ತಿರುಗಿಸಿ ಬಿಚ್ಚಿ ಜೇಬಿಗೆ ಹಾಕಿಕೊಂಡ. ಯಾಕೆ ಹಾಕಿಕೊಂಡನೆಂದು ಅವನ ಕೈಗೆ ಮೊದಲು ಗೊತ್ತಾಯಿತು, ಮನಸ್ಸಿಗೆ ಆಮೇಲೆ.

ಸ್ಟ್ರಿಪ್ಪಿನಲ್ಲಿ ಕಾರುಗಳನ್ನು ತಪಾಸಣೆ ಮಾಡುವ ಡ್ವೇನ್ ಮಂಡಿಯೂರಿ ಟಾರ್ಚು ಬಿಟ್ಟ. ಸುತ್ತ ಎಂಟು ಹತ್ತು ಜನ.

“ಮಣೆ ಹರಿದಿದೆಯಲ್ಲೋ. ಯಾರು ಬೆಸೆದದ್ದು?”

ಹೆಸರು ಹೇಳಿ ಸುಮ್ಮನಾಗಿದ್ದರೂ ಸಾಕಿತ್ತು. ಅವನು ಹೆಸರನ್ನೂ ಹೇಳಿದ, ಮೇಲೆ ಇನ್ನೊಂದು ಮಾತನ್ನೂ ಸೇರಿಸಿದ: “ವಾಲ್ಟರ್ ಹಗಿನ್ಸ್. ವಯಸ್ಸಾಯಿತಲ್ಲ.”

ಸೋಮವಾರ ವಾಲ್ಟರನೇ ತನ್ನ ಟ್ರಕ್ಕಿನಲ್ಲಿ ಜರ್ಮನ್‌ಟೌನಿಗೆ ಬಂದ. ಮಾತು ಅವನನ್ನು ಮುಟ್ಟಿತ್ತು. ಗ್ಯಾರೇಜಿನಲ್ಲಿ ಕುಕ್ಕರಗಾಲಲ್ಲಿ ಕೂತು, ಕನ್ನಡಕ ತೆಗೆದು ಹಾಕಿ, ಹರಿದ ಬೆಸುಗೆಯ ಅಂಚಿನ ಮೇಲೆ ಬೆರಳಾಡಿಸಿದ. ಬೋಲ್ಟುಗಳನ್ನು ಬಸವಕುಮಾರ ಆಗಲೇ ಕಳಚಿ ಬಿಸಾಡಿದ್ದ.

“ಬಲಗಡೆಯದು ನಿಂತಿದೆ,” ಎಂದ ವಾಲ್ಟರ್. “ಎಡಗಡೆಯದು ಬೆಸೆದಾಗ ಸಂಜೆಯಾಗಿತ್ತು. ನೆನಪಿದೆ.” ತಲೆಯೆತ್ತಿ ಕೇಳಿದ: “ಬಿಗಿತ ಸರಿಯಾಗಿತ್ತಲ್ಲ, ಕುಮಾರ್?”

“ಸರಿಯಾಗಿತ್ತು.”

“ಇರಲೇಬೇಕು. ನಿನ್ನನ್ನು ಕೇಳಿದ್ದೇ ತಪ್ಪು.” ಮುದುಕ ನೆಲಕ್ಕೆ ಕೈಯೂರಿ ಎದ್ದ. “ಹೋದ ವರ್ಷವೇ ಡಾಕ್ಟರು ಕಣ್ಣಿನ ವಿಷಯ ಹೇಳಿದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನೀನು ಸತ್ತಿದ್ದರೆ ನಾನು ಯಾರಿಗೆ ಮುಖ ತೋರಿಸುತ್ತಿದ್ದೆ? ಇನ್ನು ಆಕ್ಸಲ್ ಮುಟ್ಟುವುದಿಲ್ಲ.”

ಹೋಗುವಾಗ ಬಸವಕುಮಾರನ ಉಳುಕಿದ ಭುಜ ತಪ್ಪಿಸಿ, ಇನ್ನೊಂದನ್ನು ತಟ್ಟಿ ಹೋದ. ಅವನ ಟ್ರಕ್ಕು ತಿರುವಿನಲ್ಲಿ ಮರೆಯಾಗುವವರೆಗೂ ಬಸವಕುಮಾರ ಬಾಯಿ ತೆರೆಯಬಹುದಿತ್ತು.

ಆ ವಾರ ಬಟ್ಟೆ ಒಗೆಯುವ ಯಂತ್ರಕ್ಕೆ ಹಾಕುವ ಮುನ್ನ ಜೇಬು ತಡವಿದ ಬಸವ್ವನಿಗೆ ಎರಡು ನಟ್ಟು ಸಿಕ್ಕವು. ಗ್ರೀಸಿನ ಸಂದಿಯಲ್ಲಿ ಕುಂಕುಮ ಇನ್ನೂ ಉಳಿದಿತ್ತು. “ಪೂಜಾ ಮಾಡಿದ್ದನ್ನ ಪ್ಯಾಂಟಿನ ಕಿಸೆದಾಗ ಇಟಗೋತಾರೇನು?” ಎಂದು ಗೊಣಗಿ ತೊಳೆದು, ದೇವರ ಗೂಡಿನಲ್ಲಿ ಇಷ್ಟಲಿಂಗದ ಕರಡಿಗೆಯ ಪಕ್ಕದಲ್ಲಿ ಇಟ್ಟಳು. ಅಂದಿನಿಂದ ಪ್ರತಿ ಬೆಳಗ್ಗೆ ವಿಭೂತಿ ಹಚ್ಚಿಕೊಳ್ಳಲು ನಿಂತಾಗ ಬಸವಕುಮಾರನ ಎದುರಿಗೆ ಆ ಎರಡು ನಟ್ಟುಗಳು. ಅವನು ಕಣ್ಣು ಮುಚ್ಚಿ ಕೈ ಮುಗಿಯುವುದನ್ನು ಕಂಡು ಮಗನಿಗೆ ಭಕ್ತಿ ಹೆಚ್ಚಿತೆಂದು ಬಸವ್ವ ಹಿಗ್ಗಿದಳು.

ಹೇಳಬೇಕೆಂದು ಅವನು ನಿಶ್ಚಯಿಸದ ದಿನವಿಲ್ಲ. ಫೋನೆತ್ತುವಾಗಲೆಲ್ಲ ಒಂದು ನೆಪ ಅಡ್ಡ ಬರುತ್ತಿತ್ತು: ನಿಜ ಹೇಳಿದರೆ ಕುಂಕುಮದ ಮಾತು ಬರುತ್ತದೆ, ಅವ್ವ ನೊಂದುಕೊಳ್ಳುತ್ತಾಳೆ. ಅದು ಕಾಳಜಿಯ ವೇಷ ತೊಟ್ಟ ಹೇಡಿತನವೆಂದು ಅವನಿಗೆ ಗೊತ್ತಿತ್ತು. ಅವ್ವನ ಕುಂಕುಮ ಅವನಿಗೆ ಮೋಸ ಮಾಡಿರಲಿಲ್ಲ. ಅದು ಬೆರಳಿಗೆ ಹತ್ತಿ ನಿಜವನ್ನೇ ಹೇಳಿತ್ತು.

ದೀಪಾವಳಿಯ ವಾರದ ಶನಿವಾರ ಹತ್ತಾರು ಜನ ಊಟಕ್ಕೆ ಬಂದಿದ್ದರು. ತ್ಯಾಗರಾಜ ದೇವರ ಗೂಡಿನಲ್ಲಿ ಇಣುಕಿ ಕೇಳಿದ: “ಏನಮ್ಮ, ಇಲ್ಲಿ ಬರೀ ನಟ್ಟಿದೆ, ಬೋಲ್ಟ್ ಯಾವ ಟೆಂಪಲ್‌ನಲ್ಲಿದೆ?”

“ನಗಬ್ಯಾಡ್ರಿ ಡಾಕ್ಟರ,” ಎಂದಳು ಬಸವ್ವ, ಕರಿಗಡುಬಿನ ತಟ್ಟೆ ಹಿಡಿದುಕೊಂಡೇ. “ಇವೇ ನನ್ನ ಮಗನ್ನ ಉಳಿಸಿದ್ದು. ಬಲಕ್ಕ ಇಂವಾ ತಾನ ಕುಂಕುಮ ಹಚ್ಚಿ ಎಡಕ್ಕ ಹಂಗ ಬಿಟ್ಟಿದ್ದ. ಒಂದ ಕಡೆ ಹಚ್ಚಿ ಒಂದ ಕಡೆ ಬಿಟ್ಟರ ಹೆಂಗ ಅಂತ ನಾನ ಹಚ್ಚಿದೆ.”

“ಅಯ್ಯೋ ಅಮ್ಮ, ಅದು ಕುಂಕುಮ ಅಲ್ಲ, ಪೇಂಟು. ಟೈಟ್ ಮಾಡಿದ್ಮೇಲೆ ಮಾರ್ಕ್ ಮಾಡ್ತಾನೆ ಇವನು.” ತ್ಯಾಗರಾಜನ ನಗು ಅರ್ಧದಲ್ಲೇ ನಿಂತಿತು. ಅವನು ಬಸವಕುಮಾರನ ಕಡೆ ತಿರುಗಿದ. “ಒಂದ್ನಿಮಿಷ. ಹಾಗಾದ್ರೆ ಎಡಗಡೆ ಟೈಟ್ ಮಾಡಿರ್ಲಿಲ್ವಾ? ಕುಂಕುಮ ನೋಡಿ ಪೇಂಟ್ ಅನ್ಕೊಂಡ್ಬಿಟ್ಯಾ?”

ಇಡೀ ಕೋಣೆ ಅವನನ್ನು ನೋಡುತ್ತಿತ್ತು. ಗೆಳೆಯನು ಅರಿಯದೆ ಬಾಗಿಲೊಂದನ್ನು ತೆರೆದು ಹಿಡಿದಿದ್ದ. ಬಸವಕುಮಾರ ಅದರೊಳಗೆ ನುಸುಳಿದ.

“ಹಾಗೇ ಆಗಿರಬೇಕು,” ಎಂದ.

“ಅಂದ್ರೆ ಪಾಪ, ಆ ವೆಲ್ಡರ್‌ದು ಏನೂ ತಪ್ಪಿರ್ಲಿಲ್ಲ.”

ಬಸವ್ವನ ಕೈಯಲ್ಲಿದ್ದ ತಟ್ಟೆಯನ್ನು ಪ್ರತಿಭಾ ಮೆಲ್ಲಗೆ ತೆಗೆದುಕೊಂಡಳು. ಮುದುಕಿ ಆ ರಾತ್ರಿ ಊಟಕ್ಕೆ ಕೂರಲಿಲ್ಲ.

ಭಾನುವಾರ ಮಧ್ಯಾಹ್ನ ಅವಳು ಇಳಕಲ್ ಸೀರೆಯ ಮೇಲೆ ಸ್ವೆಟರು ತೊಟ್ಟು, ಸೊಸೆಯ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಗಂಟು ಹಾಕಿದ ಕರವಸ್ತ್ರ.

“ನಡಿ. ಆ ಮುದುಕನ ಕಡೆ ಕರಕೊಂಡು ಹೋಗು. ನನ್ನ ಕೈಯಿಂದ ಆಗಿದ್ದು, ನಾನ ಹೇಳಬೇಕು.”

“ನಾ ಫೋನ್ ಮಾಡತೀನಿ ಬೇ.”

“ಫೋನಿನಾಗ ಕೈ ಮುಗಿಯಾಕ ಬರತೈತೇನು?”

ಹೆಂಡತಿಯ ವ್ಯಾನಿನಲ್ಲಿ ಇಬ್ಬರೂ ಹೊರಟರು. ವಾಲ್ಟರನ ಷೆಡ್ಡಿನ ಕಿಟಕಿಯಲ್ಲಿ ಒಂದು ರಟ್ಟು ತೂಗುತ್ತಿತ್ತು; ಕೈಬರಹದ ದೊಡ್ಡ ಅಕ್ಷರ: ‘ಆಕ್ಸಲ್ ಕೆಲಸ ಮಾಡುವುದಿಲ್ಲ. ಗೇಟು, ಹುಲ್ಲು ಕತ್ತರಿಸುವ ಯಂತ್ರ ಮಾತ್ರ.’ ಬಸವ್ವನಿಗೆ ಓದಲು ಬರುತ್ತಿರಲಿಲ್ಲ. “ಏನ ಬರದಾರ?” ಎಂದಳು. ಅವನು ಷೆಡ್ಡಿನ ಬಾಗಿಲು ತಳ್ಳಿದ.

ವಾಲ್ಟರ್ ಚರ್ಚಿನಿಂದ ಬಂದ ಟೈಯಲ್ಲೇ ಕಾಫಿ ಕುಡಿಯುತ್ತ ಕೂತಿದ್ದ. ಬಸವ್ವನನ್ನು ಕಂಡು ಎದ್ದು ಹ್ಯಾಟು ತೆಗೆದು, ತನ್ನ ಸ್ಟೂಲನ್ನು ಅವಳ ಕಡೆ ಸರಿಸಿದ. ಅವಳು ಕೂರಲಿಲ್ಲ. ಕರವಸ್ತ್ರದ ಗಂಟು ಬಿಚ್ಚಿ ಎರಡು ನಟ್ಟುಗಳನ್ನು ಬೆಂಚಿನ ಮೇಲಿಟ್ಟು, ಎರಡೂ ಕೈ ಜೋಡಿಸಿದಳು.

“ಇವರಿಗೆ ಹೇಳು ಕುಮಾರಾ. ನಿಮ್ಮ ಕೆಲಸದಾಗ ತಪ್ಪಿರಲಿಲ್ಲರೀ ಯಪ್ಪಾ, ನಾ ತಿಳೀದ ಕುಂಕುಮ ಹಚ್ಚಿದೆ, ನನ್ನ ಮಗ ಅದನ್ನ ನೋಡಿ ಮೋಸ ಹ್ವಾದ. ತಪ್ಪು ನಂದು ಅಂತ ಹೇಳು.”

ವಾಲ್ಟರ್ ಬಸವಕುಮಾರನ ಮುಖ ನೋಡಿದ. ಬಸವ್ವನೂ ನೋಡಿದಳು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ನಡುವೆ ಇದ್ದವನು ಅವನೊಬ್ಬನೇ. ಅವನು ಏನು ಹೇಳಿದರೂ ನಡೆಯುತ್ತಿತ್ತು. ಅವ್ವನ ಮಾತನ್ನು ಇದ್ದದ್ದು ಇದ್ದಂತೆ ದಾಟಿಸಿದ್ದರೂ ಯಾರೂ ಅದನ್ನು ಸುಳ್ಳೆನ್ನುತ್ತಿರಲಿಲ್ಲ.

“ತಪ್ಪು ತನ್ನದು ಎನ್ನುತ್ತಿದ್ದಾಳೆ,” ಎಂದ ಇಂಗ್ಲಿಷಿನಲ್ಲಿ. “ಅವಳದಲ್ಲ. ಎಡಗಡೆಯ ನಾಲ್ಕನ್ನು ನಾನು ಬಿಗಿದಿರಲಿಲ್ಲ. ಬಿಗಿದಿಲ್ಲವೆಂದು ಅಂದು ಬೆಳಗ್ಗೆಯೇ ನನಗೆ ಗೊತ್ತಿತ್ತು. ನೀವು ಕೇಳಿದಾಗ ಸುಳ್ಳು ಹೇಳಿದೆ. ಈ ನಟ್ಟುಗಳನ್ನು ಬಚ್ಚಿಟ್ಟವನೂ ನಾನೇ.”

ವಾಲ್ಟರ್ ಒಂದು ನಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗಿನ ಸುರುಳಿಯ ಮೇಲೆ ಉಗುರು ಎಳೆದ. ಬಿಗಿದಾಗ ಬೀಳುವ ಸೆಳೆತದ ಗುರುತೇ ಇರಲಿಲ್ಲ.

“ಇದನ್ನು ನಿನ್ನ ತಾಯಿಗೆ ಹೇಳಿದ್ದೀಯಾ?”

“ಇಲ್ಲ.”

“ಮತ್ತೆ ಅವರು ಯಾಕಿನ್ನೂ ಕೈ ಮುಗಿದು ನಿಂತಿದ್ದಾರೆ?”

ಬಸವಕುಮಾರ ತಾಯಿಯ ಕಡೆ ತಿರುಗಿದ. ನೆಲ ನೋಡುತ್ತ ಹೇಳಿದ: “ಯವ್ವಾ, ಕೈ ಇಳಸು. ಆವತ್ತ ಮುಂಜಾನೆ ನಾ ಮುಟ್ಟಿ ನೋಡಿದ್ದೆ. ಕುಂಕುಮ ಬೆರಳಿಗೆ ಬಂತು. ಬಿಗದಿಲ್ಲ ಅಂತ ಗೊತ್ತಿತ್ತು. ಗೊತ್ತಿದ್ದ ಹೋದೆ. ನಿನ್ನಿ ಎಲ್ಲಾರ ಮುಂದ ನಿನ್ನ ಮ್ಯಾಲೆ ಹಾಕಿದೆ.”

ಬಸವ್ವ ಕೈ ಇಳಿಸಿದಳು. ಈಗ ಸ್ಟೂಲಿನ ಮೇಲೆ ಕೂತಳು.

“ಆವತ್ತ ನೀ ಬಚ್ಚಲ ಬಾಗಿಲಾ ಬಡದು ಕೇಳಿದ್ದರ, ಹಸೀ ಮೈಲೇ ಬಂದು ಹೂವು ತಗೀತಿದ್ದೆ,” ಎಂದಳು.

ಬಸವಕುಮಾರ ವಾಲ್ಟರನಿಗೆ ಹೇಳಿದ: “ಸ್ಟ್ರಿಪ್ಪಿನಲ್ಲಿ ಎಲ್ಲರೆದುರು ಹೇಳಿದ್ದೆ. ಎಲ್ಲರೆದುರೇ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಚಳಿಗಾಲ ಕಳೆದು ಮಾರ್ಚಿನಲ್ಲಿ ಸ್ಟ್ರಿಪ್ಪು ತೆರೆದ ಕೂಡಲೇ.”

“ಮಾರ್ಚಿನ ತನಕ ನಾನು ಕಾಯಬೇಕೆ?” ಎಂದ ವಾಲ್ಟರ್. “ಮೂರು ವಾರ ನನ್ನ ಕಣ್ಣನ್ನು ನಾನೇ ನಂಬದೆ ಕಳೆದಿದ್ದೇನೆ. ಹೆಂಡತಿಗೆ ಕಾರು ಓಡಿಸಲು ಕೊಟ್ಟಿದ್ದೇನೆ.” ಗೋಡೆಯ ಮೇಲಿನ ಫೋನನ್ನು ತೋರಿಸಿದ. “ಅದರ ಪಕ್ಕದಲ್ಲಿ ಸ್ಟ್ರಿಪ್ಪಿನವರ ನಂಬರುಗಳಿವೆ. ಡ್ವೇನನದು ಮೇಲುಗಡೆ.”

ಬಸವಕುಮಾರ ರಿಸೀವರ್ ಎತ್ತಿದ. ಡ್ವೇನ್ ಮನೆಯಲ್ಲೇ ಇದ್ದ. ಹಿಂದೆ ಟಿವಿಯ ಗದ್ದಲ, ಯಾರೋ ನಗುತ್ತಿದ್ದರು. ಬಸವಕುಮಾರ ಹೇಳಬೇಕಾದದ್ದನ್ನು ಹೇಳಿದ. ಆ ಕಡೆ ಗದ್ದಲ ಕಡಿಮೆಯಾಯಿತು.

“ಮತ್ತೊಮ್ಮೆ ಹೇಳು,” ಎಂದ ಡ್ವೇನ್. “ಸರಿಯಾಗಿ ಕೇಳಿಸಲಿಲ್ಲ.”

ಅವನು ಮತ್ತೊಮ್ಮೆ ಹೇಳಿದ: ಎಡಗಡೆಯ ನಾಲ್ಕು ನಟ್ಟುಗಳನ್ನು ನಾನು ಬಿಗಿದಿರಲಿಲ್ಲ, ಬಿಗಿದಿಲ್ಲವೆಂದು ಗೊತ್ತಿದ್ದೇ ಓಡಿಸಿದೆ, ವಾಲ್ಟರನ ಬೆಸುಗೆಯಲ್ಲಿ ದೋಷವಿರಲಿಲ್ಲ. “ಪಕ್ಕದ ಸಾಲಿನಲ್ಲಿ ಒಬ್ಬನಿದ್ದ, ಗೊತ್ತಲ್ಲ?” ಎಂದು ಕೇಳಿ ಡ್ವೇನ್ ಫೋನಿಟ್ಟ.

ಬಸವಕುಮಾರ ಎರಡನೆಯ ನಂಬರು ಒತ್ತಿದ. ಆಮೇಲೆ ಮೂರನೆಯದು. ಬಸವ್ವ ಸ್ಟೂಲಿನ ಮೇಲೆ, ತಿಳಿಯದ ಭಾಷೆಗೆ ಕಿವಿಗೊಟ್ಟು ಕೂತಿದ್ದಳು. ಅದರಲ್ಲಿ ತನಗೆ ತಿಳಿಯುವ ಒಂದೇ ಮಾತು ಕುಂಕುಮ. ಅದು ಯಾವಾಗ ಬರುತ್ತದೆಂದು ಪ್ರತಿ ಫೋನಿಗೂ ಕಾದಳು. ಏಳು ಫೋನುಗಳಲ್ಲಿ ಒಂದರಲ್ಲೂ ಅದು ಬರಲಿಲ್ಲ. ಏಳನೆಯದು ಮುಗಿದಾಗ ಅವಳು ಬೆಂಚಿನ ಮೇಲಿದ್ದ ಖಾಲಿ ಕರವಸ್ತ್ರವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಟ್ಟುಗಳನ್ನು ಅಲ್ಲೇ ಬಿಟ್ಟಳು.

ಕಿಟಕಿಯ ರಟ್ಟನ್ನು ವಾಲ್ಟರ್ ತೆಗೆಯಲಿಲ್ಲ. ತೆಗೆಯಿರೆಂದು ಹೇಳುವ ಮುಖ ಬಸವಕುಮಾರನಿಗಿರಲಿಲ್ಲ. ಅವನು ಎಂಟನೆಯ ನಂಬರನ್ನು ಓದಿಕೊಂಡ.